ಸಿಂಧುತ್ವ ತಿರಸ್ಕಾರವಾದರೆ ಮುಂದೇನು? ಎಸ್‌ಟಿ ಪ್ರಮಾಣಪತ್ರ ಮತ್ತು ಹೈಕೋರ್ಟ್ ದಾರಿ

ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ಸರ್ಕಾರಿ ಕೆಲಸ ಸಿಕ್ಕಿದೆ. ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂದಿದೆ. ಅಷ್ಟರಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾತಿ ಪರಿಶೀಲನಾ ಸಮಿತಿಯಿಂದ ಪತ್ರ ಬರುತ್ತದೆ: ನಿಮ್ಮ ಜಾತಿ ಪ್ರಮಾಣಪತ್ರ ಸಿಂಧುವಲ್ಲ. ಮನೆಯವರೆಲ್ಲ ಹೇಳುವ ಮೊದಲ ಮಾತು, ‘ಕೋರ್ಟಿಗೆ ಹೋಗೋಣ’.

ಹೋಗಬಹುದು, ಅದು ನಿಮ್ಮ ಹಕ್ಕು. ಆದರೆ ಹೈಕೋರ್ಟ್ ನಿಮ್ಮ ಜಾತಿ ಯಾವುದೆಂದು ಹೊಸದಾಗಿ ತನಿಖೆ ಮಾಡುವುದಿಲ್ಲ. ಸಮಿತಿ ನಿಮ್ಮ ಮಾತು ಕೇಳಿತೇ, ದಾಖಲೆ ಓದಿತೇ, ಆದೇಶಕ್ಕೆ ಕಾರಣ ಕೊಟ್ಟಿತೇ ಎಂದು ನೋಡುತ್ತದೆ. ಹಾಗಾಗಿ ಸಮಿತಿ ಮುಂದೆ ನೀವು ಇಟ್ಟ ಕಾಗದವೇ ನಿಮ್ಮ ಕೇಸಿನ ಜೀವ. ಅಲ್ಲಿ ಇಡದ ದಾಖಲೆಯನ್ನು ಧಾರವಾಡದ್ದೋ ಕಲಬುರಗಿಯದ್ದೋ ಹೈಕೋರ್ಟ್ ಪೀಠಕ್ಕೆ ಹೊತ್ತುಕೊಂಡು ಹೋದರೆ ಅದಕ್ಕೆ ಬೆಲೆ ಸಿಗುವುದು ಕಷ್ಟ.

ಮೊದಲು ಪಟ್ಟಿ ನೋಡಿ

ಯಾವ ಸಮುದಾಯ ಪರಿಶಿಷ್ಟ ಪಂಗಡ ಎಂಬುದನ್ನು ಸಂವಿಧಾನದ 342ನೇ ವಿಧಿಯಡಿ ಹೊರಟ ರಾಷ್ಟ್ರಪತಿ ಆದೇಶ ಹೇಳುತ್ತದೆ. ಅದನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಪಟ್ಟಿಯಲ್ಲಿ ಇರುವ ಹೆಸರನ್ನು ಇದ್ದ ಹಾಗೆಯೇ ಓದಬೇಕು, ‘ನಮ್ಮದೂ ಅದೇ ಜಾತಿ, ಹೆಸರು ಮಾತ್ರ ಬೇರೆ’ ಎಂದು ಸಾಕ್ಷಿ ಕೊಟ್ಟು ಹಿಗ್ಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2000ರಲ್ಲಿ ಮಿಲಿಂದ್ ಪ್ರಕರಣದಲ್ಲಿ ಹೇಳಿತು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನಮ್ಮ ಭಾಗಕ್ಕೆ ಎರಡು ವರ್ಷಗಳು ಮುಖ್ಯ. 1991ರಲ್ಲಿ ನಾಯಕ ಸಮುದಾಯದ ಜತೆ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳು ಸೇರಿದವು. 2020ರಲ್ಲಿ ಪರಿವಾರ ಮತ್ತು ತಳವಾರ ಸೇರಿದವು. ಉತ್ತರ ಕನ್ನಡಕ್ಕೆ ಸೀಮಿತವಾಗಿದ್ದ ಸಿದ್ದಿ ಸಮುದಾಯದ ಮಾನ್ಯತೆ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಬಂದದ್ದು ಅದೇ ತಿದ್ದುಪಡಿಯಲ್ಲಿ. ತಳವಾರರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ತಳವಾರ ಎಂಬ ಅಡ್ಡಹೆಸರು ಒಂದಕ್ಕಿಂತ ಜಾಸ್ತಿ ಸಮುದಾಯಗಳಲ್ಲಿದೆ. ಬರೀ ಅಡ್ಡಹೆಸರು ತೋರಿಸಿದರೆ ಸಮಿತಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಳೇ ಕಾಗದ ಹುಡುಕಿ

ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಸ್ವಾತಂತ್ರ್ಯಕ್ಕಿಂತ ಹಿಂದಿನ ದಾಖಲೆಗೆ ಹೆಚ್ಚಿನ ತೂಕ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಮೀಸಲಾತಿಯ ಲಾಭ ಯಾರ ತಲೆಯಲ್ಲೂ ಇಲ್ಲದ ಕಾಲದಲ್ಲಿ ಬರೆದದ್ದು ನಿಜವೇ ಇರುತ್ತದೆ ಅಲ್ವಾ?

ಅಜ್ಜನ, ಅಜ್ಜನ ಅಣ್ಣತಮ್ಮಂದಿರ ಶಾಲೆಯ ಜನರಲ್ ರಿಜಿಸ್ಟರ್ ನಕಲು ಎಲ್ಲಕ್ಕಿಂತ ಮುಖ್ಯ. ಆಮೇಲೆ ಜನನ–ಮರಣ ನೋಂದಣಿ, ಹಳೇ ಉತಾರ (ಜಮೀನಿನ ದಾಖಲೆ), ಖರೀದಿ ಪತ್ರ. ನಮ್ಮ ಮೂರೂ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಹಾಗಾಗಿ ಹಳೇ ಕಾಗದ ಮರಾಠಿಯಲ್ಲಿ, ಕೆಲವೊಮ್ಮೆ ಮರಾಠಿಯ ಹಳೇ ಬರಹವಾದ ಮೋಡಿ ಲಿಪಿಯಲ್ಲಿ ಇರಬಹುದು. ಬೇಡರನ್ನು ‘ಬೇರಡ’ ಎಂದು ಬರೆದಿರಬಹುದು. ಅಂಥ ಕಾಗದವನ್ನು ಮೋಡಿ ಬಲ್ಲವರಿಂದ ಓದಿಸಿ, ಅನುವಾದ ಮಾಡಿಸಿ. ಜತೆಗೆ ಅದೇ ಮನೆತನದವರನ್ನು ‘ಬೇಡ’ ಅಥವಾ ‘ಬೇಡರ’ ಎಂದು ಬರೆದ ಇನ್ನೊಂದು ದಾಖಲೆಯನ್ನೂ ಇಡಿ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಹಿಂದಿನ ದಾಖಲೆಗೆ ವಿಜಯಪುರದಲ್ಲೂ ವಿಚಾರಿಸಿ. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳಾಗಿದ್ದವು, ಅಲ್ಲಿಯವರು ಸಂಸ್ಥಾನ ಕಾಲದ ಕಾಗದವನ್ನೂ ಕೇಳಬೇಕು.

ವಂಶವೃಕ್ಷ ಮಾಡಿಸಿ. ತಂದೆಯ ಕಡೆಯ ರಕ್ತಸಂಬಂಧಿಗೆ ಸರಿಯಾದ ವಿಚಾರಣೆಯ ನಂತರ ಸಿಂಧುತ್ವ ಸಿಕ್ಕಿದ್ದರೆ ಅದು ಗಟ್ಟಿ ಆಧಾರ. ಆದರೆ ಅವರು ನಿಮಗೆ ಏನಾಗಬೇಕು ಎಂಬುದು ವಂಶವೃಕ್ಷದಲ್ಲಿ ಕಾಣಬೇಕು.

ಶಾಲೆಯ ದಾಖಲೆಯನ್ನು ಮಾತ್ರ ಯಾರ ಮಾತು ಕೇಳಿಯೂ ತಿದ್ದಿಸಬೇಡಿ. ಬೇರೆ ಶಾಯಿ, ಬೇರೆ ಅಕ್ಷರದಲ್ಲಿ ಸೇರಿಸಿದ ಒಂದು ಪದ ಉಳಿದ ಎಲ್ಲ ಕಾಗದಗಳ ಮೇಲೂ ಅನುಮಾನ ತರುತ್ತದೆ.

ನೋಟಿಸ್ ಬಂದಾಗ

1994ರ ಮಾಧುರಿ ಪಾಟೀಲ್ ಪ್ರಕರಣ ಈ ಇಡೀ ವ್ಯವಸ್ಥೆಯ ಅಡಿಪಾಯ. ಮಹಾರಾಷ್ಟ್ರದಲ್ಲಿ ಮಹಾದೇವ ಕೋಳಿ ಎಂದು ಹೇಳಿಕೊಂಡವರ ಪ್ರಕರಣ ಅದು. ತನಿಖಾಧಿಕಾರಿ ಊರಿಗೆ ಹೋಗಿ ವಿಚಾರಿಸಬೇಕು, ವರದಿ ವಿರುದ್ಧವಾಗಿದ್ದರೆ ಅದರ ಪ್ರತಿಯ ಜತೆ ಕಾರಣ ಕೇಳಿ ನೋಟಿಸ್ ಕೊಡಬೇಕು, ಉತ್ತರಕ್ಕೆ ಎರಡು ವಾರ, ಹೆಚ್ಚೆಂದರೆ 30 ದಿನ ಸಮಯ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು.

ನೋಟಿಸ್ ಜತೆ ವರದಿ ಬರದಿದ್ದರೆ ಅದೇ ದಿನ ಲಿಖಿತವಾಗಿ ಕೇಳಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ವರದಿಯ ಒಂದೊಂದು ಮಾತಿಗೂ ಉತ್ತರ ಬರೆಯಿರಿ. ‘ಎಲ್ಲವೂ ಸುಳ್ಳು’ ಎಂದು ಸುಮ್ನೆ ಒಂದು ಸಾಲು ಗೀಚಿದರೆ ಉಪಯೋಗವಿಲ್ಲ. ಯಾರ ಹೇಳಿಕೆ ಪಡೆದರು? ಅವರು ನಿಮ್ಮ ಮನೆತನ ಬಲ್ಲವರೇ? ಪಂಚನಾಮೆಯಲ್ಲಿ ಯಾರ ಸಹಿ ಇದೆ? ಇದನ್ನೆಲ್ಲ ಬರೆಯಿರಿ. ವಿಚಾರಣೆಯ ದಿನ ತಪ್ಪಿಸಬೇಡಿ.

ಇನ್ನೊಂದು ಪ್ರಶ್ನೆ ಬರುತ್ತದೆ. ಮನೆದೇವರು ಯಾವುದು, ಮದುವೆ ಹೇಗೆ ಮಾಡುತ್ತೀರಿ, ಮಣ್ಣು ಮಾಡುವ ಪದ್ಧತಿ ಏನು ಎಂದು ಕೇಳುತ್ತಾರೆ. ಎರಡು ತಲೆಮಾರಿನಿಂದ ಬೆಳಗಾವಿ ನಗರದಲ್ಲಿ ಬೆಳೆದ ಮಕ್ಕಳಿಗೆ ಇದು ಗೊತ್ತಿಲ್ಲದಿದ್ದರೆ ಜಾತಿ ಸುಳ್ಳಾಗುತ್ತದೆಯೇ? ಇಲ್ಲ. ಈ ಪರೀಕ್ಷೆಯೊಂದೇ ಅಂತಿಮವಲ್ಲ, ಪ್ರತಿ ಪ್ರಕರಣದಲ್ಲೂ ಬೇಕಾಗಿಯೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಚ್ 2023ರಲ್ಲಿ ಹೇಳಿದೆ. ದಾಖಲೆ ಗಟ್ಟಿಯಿದ್ದೂ ಬರೀ ಆಚರಣೆ ಕಾರಣಕ್ಕೆ ತಿರಸ್ಕರಿಸಿದ್ದರೆ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯಲ್ಲಿ ಇದನ್ನೇ ಮೊದಲು ಹೇಳಿ.

ಎಲ್ಲಿಗೆ ಹೋಗಬೇಕು?

ತಹಶೀಲ್ದಾರರು ಪ್ರಮಾಣಪತ್ರವನ್ನೇ ನಿರಾಕರಿಸಿದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಸಮಿತಿಯ ಆದೇಶದ ವಿರುದ್ಧವೂ 1990ರ ರಾಜ್ಯ ಮೀಸಲಾತಿ ಕಾಯ್ದೆಯಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಅದನ್ನು ಬಿಟ್ಟು ನೇರ ಹೈಕೋರ್ಟಿಗೆ ಹೋದರೆ ‘ಮೊದಲು ಅಲ್ಲಿಗೆ ಹೋಗಿ’ ಎಂಬ ಉತ್ತರ ಸಿಗಬಹುದು.

ನಂತರ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ. ತಡಮಾಡಬೇಡಿ. ರಿಟ್‌ಗೆ ಇಂತಿಷ್ಟೇ ದಿನ ಎಂಬ ಗಡುವು ಇಲ್ಲದಿದ್ದರೂ ವಿಳಂಬಕ್ಕೆ ಕಾರಣ ಕೇಳುತ್ತಾರೆ. ಈಗಾಗಲೇ ಕೆಲಸದಲ್ಲಿದ್ದರೆ ಅರ್ಜಿಯ ಜತೆಗೇ ತಡೆಯಾಜ್ಞೆ ಕೇಳಿ. ರಾಜ್ಯ ಸರ್ಕಾರಿ ನೌಕರರನ್ನು ವಜಾ ಮಾಡಿದ ಆದೇಶ ಬಂದಿದ್ದರೆ, ಆ ಆದೇಶದ ಮಟ್ಟಿಗೆ ಮೊದಲ ಬಾಗಿಲು ಕೆಎಸ್‌ಎಟಿ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ). ಅದರ ಪೀಠ ಬೆಳಗಾವಿಯಲ್ಲೂ ಇದೆ.

ಏನು ಸಿಗುತ್ತದೆ?

ಗೆದ್ದರೂ ಹಲವು ಸಲ ಸಿಂಧುತ್ವವೇ ಕೈಗೆ ಬರುವುದಿಲ್ಲ. ಆದೇಶ ರದ್ದಾಗಿ ವಿಷಯ ಮತ್ತೆ ಸಮಿತಿಗೆ ಹೋಗುತ್ತದೆ. ಬೇಸರಪಡಬೇಡಿ. ಬಿಟ್ಟುಹೋದ ದಾಖಲೆ ಇಡಲು ಅದೇ ಸಮಯ.

ಸೋತರೆ ಪರಿಣಾಮ ಕಠಿಣ. ಪ್ರಮಾಣಪತ್ರ ಸುಳ್ಳೆಂದು ಸಾಬೀತಾದರೆ ಎಷ್ಟು ವರ್ಷ ಸೇವೆ ಮಾಡಿದ್ದರೂ ಕೆಲಸ ಉಳಿಯುವುದಿಲ್ಲ ಎಂದು 2017ರಲ್ಲಿ ಭಾರತೀಯ ಆಹಾರ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದು ಸರಿಯೆಂದೇ ನನ್ನ ನಂಬಿಕೆ. ಸುಳ್ಳು ಪ್ರಮಾಣಪತ್ರದ ಒಂದೊಂದು ನೌಕರಿಯೂ ಒಬ್ಬ ನಿಜವಾದ ಆದಿವಾಸಿ ಮಗುವಿನಿಂದ ಕಿತ್ತುಕೊಂಡದ್ದು. ಆದರೆ ಸರ್ಕಾರವೇ ದಾರಿ ತಪ್ಪಿಸಿದ್ದರೆ ಮಾತು ಬೇರೆ. ಕರ್ನಾಟಕ ಸರ್ಕಾರದ ಸುತ್ತೋಲೆ ನಂಬಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಪಡೆದಿದ್ದ ಕೋಟೆಗಾರ ಮುಂತಾದ ಸಮುದಾಯಗಳ ಬ್ಯಾಂಕ್ ನೌಕರರ ಕೆಲಸವನ್ನು ಸುಪ್ರೀಂ ಕೋರ್ಟ್ ಆಗಸ್ಟ್ 2024ರಲ್ಲಿ ಉಳಿಸಿತು. ಮುಂದೆ ಅವರು ಸಾಮಾನ್ಯ ವರ್ಗದವರು ಎಂಬ ಷರತ್ತಿನ ಮೇಲೆ. ನಿಮ್ಮದೂ ಅಂಥ ಪ್ರಕರಣವಾಗಿದ್ದರೆ ಆ ಸುತ್ತೋಲೆಯ ಪ್ರತಿ ಜೋಡಿಸಿ.

ವಕೀಲರ ಫೀ ಕೊಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಹೋಗುವಾಗ ಸಮಿತಿಯ ಆದೇಶ, ತನಿಖಾ ವರದಿ, ನೀವು ಕೊಟ್ಟ ಉತ್ತರ, ಸ್ವೀಕೃತಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ.