ಹನಿ ಯಾವ ಕಡಲಿಗೆ? ಮನೆಯಲ್ಲೇ ಮಾಡಿದ ಭೂಗೋಳದ ಆಟಗಳು

ಚೀಟಿ ಎತ್ತಿ ರಾಜಧಾನಿ, ನದಿ ಕೇಳುವ ಆಟದಿಂದ ಮಕ್ಕಳಿಗೆ ಹೆಸರುಗಳು ಬಾಯಿಗೆ ಬರುತ್ತವೆ, ಭೂಗೋಳ ಬರುವುದಿಲ್ಲ. ಸರಿ-ತಪ್ಪು ಹೇಳುವುದು ದೊಡ್ಡವರ ಕೈಯಲ್ಲಿದ್ದಷ್ಟು ದಿನ ಮಗು ನಮ್ಮ ಮುಖ ನೋಡಿ ಉತ್ತರ ಹುಡುಕುತ್ತದೆ. ತೀರ್ಪು ನೆಲವೇ ಕೊಡಬೇಕು. ಹಾಗಾಗಿ ನಾನು ಮೊದಲು ಮಾಡಿದ್ದು ಕೇರಳ ಗಡಿಯ ತಲಪಾಡಿಯಿಂದ ಉಡುಪಿ ಜಿಲ್ಲೆಯ ಬಡಗು ತುದಿಯ ಶಿರೂರಿನವರೆಗಿನ ಕರಾವಳಿ ಮತ್ತು ಅದರ ಹಿಂದಿನ ಘಟ್ಟದ ಉಬ್ಬು ನಕ್ಷೆ.

60 × 45 ಸೆಂ.ಮೀ. ಅಳತೆಯ, 12 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಬೇಕು. 1 ಸೆಂ.ಮೀ.ಗೆ 2.5 ಕಿ.ಮೀ. ಲೆಕ್ಕ ಹಿಡಿದರೆ ಪಡುವಿನಲ್ಲಿ ಒಂದಿಷ್ಟು ಕಡಲು, ಮೂಡಿನಲ್ಲಿ ಆಗುಂಬೆ, ಶೃಂಗೇರಿ, ಸಂಸೆ ಎಲ್ಲವೂ ಹಿಡಿಸುತ್ತವೆ. ಎತ್ತರಕ್ಕೂ ಇದೇ ಲೆಕ್ಕ ಇಟ್ಟರೆ ಸುಮಾರು 1,890 ಮೀಟರಿನ ಕುದುರೆಮುಖ 8 ಮಿ.ಮೀ. ಕೂಡ ಏಳುವುದಿಲ್ಲ, ನೀರು ಹರಿಯುವುದಿಲ್ಲ. ಆದ್ದರಿಂದ 1 ಸೆಂ.ಮೀ. ದಪ್ಪದ ಥರ್ಮಾಕೋಲ್ ಹಾಳೆ ತಂದು ಒಂದು ಪದರಕ್ಕೆ 300 ಮೀಟರ್ ಎಂದಿಟ್ಟುಕೊಂಡೆ. ಕುದುರೆಮುಖಕ್ಕೆ ಆರು ಪದರ, ಆಗುಂಬೆಗೆ ಎರಡು. ಎತ್ತರವನ್ನು ಎಂಟು ಪಟ್ಟು ಹಿಗ್ಗಿಸಿದ್ದೇವೆ ಎಂಬುದನ್ನು ಮಗುವಿಗೆ ಹೇಳಲೇಬೇಕು, ಇಲ್ಲವಾದರೆ ಘಟ್ಟವೆಂದರೆ ನೆಟ್ಟಗೆ ನಿಂತ ಗೋಡೆ ಎಂಬ ಕಲ್ಪನೆ ಉಳಿದುಬಿಡುತ್ತದೆ.

ಮೇಲಿನ ಹೊದಿಕೆಗೆ ಸುಮಾರು 400 ಗ್ರಾಂ ಹಳೆ ಪೇಪರ್ ಚೂರು ಮಾಡಿ ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಹಾಕಿ, ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, 200 ಗ್ರಾಂ ಫೆವಿಕಾಲ್ ಕಲಸಬೇಕು. ಮೈದಾ-ಉಪ್ಪಿನ ಹಿಟ್ಟು ನಮ್ಮ ಊರಿಗೆ ಆಗದು. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಜೂನ್ ಬಂತೆಂದರೆ ನಕ್ಷೆ ಬೆವರತೊಡಗುತ್ತದೆ, ಆಮೇಲೆ ಬೂಸ್ಟು. ಹೊದಿಕೆ ಅರ್ಧ ಸೆಂ.ಮೀ. ಸಾಕು. ದಪ್ಪವಾದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ಜನವರಿ-ಫೆಬ್ರವರಿಯ ಬಿಸಿಲು ಇದಕ್ಕೆ ಒಳ್ಳೆಯದು.

ಅರೆ ಒಣಗಿದಾಗ ಹಿಡಿಸೂಡಿಯ ಕಡ್ಡಿಯಿಂದ ನದಿಗಳ ಚರಂಡಿ ಗೀರಬೇಕು. ಬಣ್ಣ ಬಳಿದ ಮೇಲೆ ಅರ್ಧ ತುಂಬಿಹೋಗುವುದರಿಂದ ಬೇಕೆನಿಸಿದ್ದಕ್ಕಿಂತ ತುಸು ಆಳವಾಗಿಯೇ ಇರಲಿ. ಪೂರ್ತಿ ಒಣಗಿದ ಮೇಲೆ ಎರಡು ಕೋಟ್ ಎನಾಮೆಲ್ ಪೇಂಟ್. ಹಲಗೆಯ ಅಡಿಭಾಗಕ್ಕೂ ಬಳಿಯಿರಿ, ಬರೇ ಮೇಲೆ ಬಳಿದರೆ ಮಳೆಗಾಲದಲ್ಲಿ ಹಲಗೆ ಬಾಗುತ್ತದೆ. ಬಿರುಕುಗಳನ್ನು ಮೊದಲೇ ಮುಚ್ಚಿರಬೇಕು, ಯಾಕೆಂದರೆ ಎನಾಮೆಲ್ ಒಳಗಿಳಿದರೆ ಥರ್ಮಾಕೋಲ್ ಕರಗುತ್ತದೆ.

ಇನ್ನು ಆಟ. ಪ್ರತಿಯೊಬ್ಬರಿಗೂ ಹತ್ತು ಹುಣಸೆ ಬೀಜ. ಒಬ್ಬರು ಔಷಧದ ಡ್ರಾಪರಿನಲ್ಲಿ ಬಣ್ಣದ ನೀರು ಹಿಡಿದು ಜಾಗ ತೋರಿಸುತ್ತಾರೆ. ಹನಿ ಪಡುವಿಗೋ ಮೂಡಿಗೋ ಎಂದು ಉಳಿದವರು ಬೀಜ ಇಟ್ಟು ಪಂಥ ಕಟ್ಟಬೇಕು. ಆಮೇಲೆಯೇ ಹನಿ ಬಿಡುವುದು. ಕಡಲು ಸೇರುವ ಊರನ್ನೂ ಮೊದಲೇ ಹೇಳಿದವರಿಗೆ ದುಪ್ಪಟ್ಟು. ಬಣ್ಣದ ಮೇಲೆ ಹನಿ ಮುತ್ತಿನಂತೆ ಕೂತುಬಿಟ್ಟರೆ ನೀರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ನೇತ್ರಾವತಿ ದಡದ ಬಂಟ್ವಾಳದಿಂದ ಕೆಳಗೆ ಸಪಾಟಾಗಿ ನೀರು ನಿಂತರೆ ಹಲಗೆಯ ಮೂಡು ಬದಿಯ ಅಡಿಗೆ ಬೆರಳು ದಪ್ಪದ ಪಟ್ಟಿ ಕೊಡಿ.

ಆಟ ರಂಗೇರುವುದು ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟ ಅದು. ಒಂದು ಕೂದಲೆಳೆ ಪಡುವಿಗೆ ಬಿದ್ದ ಹನಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿಗೆ ಬರುತ್ತದೆ. ಮೂಡಿಗೆ ಬಿದ್ದದ್ದು ಹಲಗೆಯ ಅಂಚಿನಿಂದ ಕೆಳಗುದುರುತ್ತದೆ. ಅಲ್ಲಿಗೆ ಭಾರತದ ನಕ್ಷೆ ಬಿಡಿಸಿ, ತುಂಗಾ-ಭದ್ರಾ ಸೇರುವ ಕೂಡಲಿ, ತುಂಗಭದ್ರಾ, ಕೃಷ್ಣಾ ಎಂದು ಬೆರಳಿಟ್ಟುಕೊಂಡು ಬಂಗಾಳ ಕೊಲ್ಲಿಯವರೆಗೆ ಮಗುವೇ ಹೋಗಬೇಕು. ನೀರನ್ನು ಪಾಲು ಮಾಡುವ ಏಣು ಎಂದರೇನು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಪಾಠ ನನಗೆ ಗೊತ್ತಿಲ್ಲ.

ಮರವಂತೆಯಲ್ಲಿ ದೊಡ್ಡವರೂ ಬೀಜ ಕಳೆದುಕೊಳ್ಳುತ್ತಾರೆ. ಕೊಡಚಾದ್ರಿಯ ಸೌಪರ್ಣಿಕೆ ನದಿ ಅಲ್ಲಿ ಕಡಲಂಚಿನ ಹೆದ್ದಾರಿಯ ಪಕ್ಕಕ್ಕೇ ಬಂದರೂ ಕಡಲಿಗೆ ಸೇರದೆ ತೆಂಕಿಗೆ ತಿರುಗಿ ಗಂಗೊಳ್ಳಿಗೆ ಹೋಗುತ್ತದೆ. ಈ ಅಳತೆಯಲ್ಲಿ ನದಿಗೂ ಕಡಲಿಗೂ ನಡುವಿನ ಪಟ್ಟಿ ಕಣ್ಣಿಗೇ ಕಾಣದು, ಹಾಗಾಗಿ ಬೇಕೆಂದೇ ಅರ್ಧ ಸೆಂ.ಮೀ. ಬಿಡಬೇಕು. ಕಡಿಮೆ ಬಿಟ್ಟರೆ ಹನಿ ಅಡ್ಡ ಹಾರಿ ತಪ್ಪು ಉತ್ತರ ಕೊಡುತ್ತದೆ.

ಪಡುವಿನಿಂದ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮ್ಮಿಸಿ ಮುಂಗಾರನ್ನೂ ತೋರಿಸಬಹುದು, ಆದರೆ ಅದು ಅರ್ಧ ಸತ್ಯ. ಘಟ್ಟ ಮೋಡವನ್ನು ಗೋಡೆಯಂತೆ ತಡೆಯುವುದಿಲ್ಲ. ತೇವದ ಗಾಳಿ ಮೇಲೇರಿ ತಣ್ಣಗಾಗುವುದರಿಂದ ಮಳೆ. ಅಷ್ಟನ್ನು ಬಾಯಲ್ಲೇ ಹೇಳಬೇಕು.

ಎರಡನೆಯ ಆಟ ಕರ್ನಾಟಕದ ಜಿಲ್ಲೆಗಳ ಜೋಡಣೆ. ನಕ್ಷೆಯನ್ನು ರಟ್ಟಿಗೆ ಅಂಟಿಸಿ, ಭಾರದ ಅಡಿ ಒಂದು ರಾತ್ರಿ ಇಟ್ಟು ಕಟರಿನಿಂದ ಕೊಯ್ಯುವುದು. ಕತ್ತರಿ ರಟ್ಟನ್ನು ಜಜ್ಜುತ್ತದೆ. ಕೊಯ್ಯುವುದು ದೊಡ್ಡವರ ಕೆಲಸ. 30 ಜಿಲ್ಲೆಗಳ ಹಳೆ ನಕ್ಷೆ ಬೇಡ, 2021ರಲ್ಲಿ ವಿಜಯನಗರ ಸೇರಿ ಈಗ 31. ಹೆಸರು ತುಂಡಿನ ಹಿಂಬದಿಗಿರಲಿ. ನಿಯಮ ಇಷ್ಟೇ: ಈಗಾಗಲೇ ಇಟ್ಟಿರುವ ಜಿಲ್ಲೆಗೆ ಗಡಿ ತಾಗುವ ತುಂಡನ್ನು ಮಾತ್ರ ಇಡಬಹುದು, ಇಡುವ ಮೊದಲು ಹೆಸರು ಹೇಳಬೇಕು. ದಕ್ಷಿಣ ಕನ್ನಡದಿಂದ ಶುರು ಮಾಡಿದರೆ ಉಡುಪಿ, ಚಿಕ್ಕಮಗಳೂರು, ಹಾಸನ, ಕೊಡಗು, ಈ ನಾಲ್ಕೇ ದಾರಿ. ಬೀದರ್ ಕೈಯಲ್ಲಿ ಹಿಡಿದವರು ಕೊನೆಯವರೆಗೂ ಕಾಯಬೇಕಾಗುತ್ತದೆ. ಕಲಬುರಗಿ ಬಂದ ಮೇಲಷ್ಟೇ ಅವರ ಸರದಿ.