ಟೆಸ್ಟ್ ಪಾಸ್ ಆಯ್ತಾ? ಹಾಗಾದರೆ ರಿಪೋರ್ಟ್ ಸರಿಯಾಗಿ ಕೊಡಿ

ಸಾಫ್ಟ್‌ವೇರ್ ಟೆಸ್ಟ್ ಫೇಲ್ ಆದರೆ ನಮ್ಮ ಹುಡುಗರು ಹುಡುಗಿಯರು ರಿಪೋರ್ಟ್ ಚೆನ್ನಾಗಿಯೇ ಬರೆಯುತ್ತಾರೆ. ಸ್ಕ್ರೀನ್‌ಶಾಟ್ ಇರುತ್ತದೆ, ಲಾಗ್ ಇರುತ್ತದೆ, ಯಾವ ಬಟನ್ ಒತ್ತಿದಾಗ ಏನಾಯಿತು ಎಂಬ ಪೂರ್ತಿ ಪುರಾಣವೇ ಇರುತ್ತದೆ. ಪಾಸ್ ಆದರೆ ಮಾತ್ರ ಒಂದೇ ಸಾಲು: 'ಆಲ್ ಪಾಸ್ ಸರ್'. ಎಂಥ ಆಲ್ ಮಾರಾಯ್ರೆ? ಹತ್ತರಲ್ಲಿ ಹತ್ತಾ, ಓಡಿದ ಆರರಲ್ಲಿ ಆರಾ? ಮಂಗಳೂರಿನಲ್ಲಿ ಕೂತು ಹೊರದೇಶದ ಕ್ಲೈಂಟ್‌ಗೆ ಕೆಲಸ ಮಾಡುವವರಿಗೆ ಈ ಒಂದು ಸಾಲು ಆಮೇಲೆ ಕಾಟ ಕೊಡುತ್ತದೆ. ಆ ಕಡೆಯವರು ಮೇಲ್ ಓದುವ ಹೊತ್ತಿಗೆ ಕಳಿಸಿದವರು ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಡುಬಿದ್ರಿ ದಾಟಿರುತ್ತಾರೆ. ಆಗ ಫೋನ್ ಬರುತ್ತದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ, ಬ್ಯಾಗು ಮೇಲಿನ ಕಂಬಿಯಲ್ಲಿ. ಹಾಗಾಗಿ ನೀವು ಪಕ್ಕದಲ್ಲಿ ಇಲ್ಲದಿದ್ದರೂ ಅರ್ಥವಾಗುವ ರಿಪೋರ್ಟ್ ಬೇಕು.

ನಾನು ಇಲ್ಲಿ ಪೈಥಾನ್ ಭಾಷೆಯಲ್ಲಿ ಟೆಸ್ಟ್ ಓಡಿಸುವ ಟೂಲ್ ಪೈಟೆಸ್ಟ್ ಹಿಡಿದು ಹೇಳುತ್ತೇನೆ, ಹೊಸಬರು ಜಾಸ್ತಿ ಕಲಿಯುವುದು ಅದನ್ನೇ. ಉದಾಹರಣೆಗೆ ಒಂದು ಬಸ್ ಟಿಕೆಟ್ ಆ್ಯಪ್ ಅಂದುಕೊಳ್ಳಿ: ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಟ ಬಸ್ಸಿನ ದರ, ವಿದ್ಯಾರ್ಥಿಗೆ ಅರ್ಧ ರಿಯಾಯಿತಿ. ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಹಂತ 1: ಪಿಪ್ (ಪೈಥಾನ್ ಪ್ಯಾಕೇಜ್ ತರಿಸುವ ಕಮಾಂಡ್) ಹಾಕಿ ಪೈಟೆಸ್ಟ್ ಇನ್‌ಸ್ಟಾಲ್ ಮಾಡಿ. ಇದಕ್ಕೆ ಲೇಖನ ಬೇಡ.

ಹಂತ 2: ಪಾಸ್ ಆದವು ಕಣ್ಣಿಗೆ ಕಾಣುವ ಹಾಗೆ ಓಡಿಸಿ.

ಸುಮ್ನೆ ಪೈಟೆಸ್ಟ್ ಎಂದು ಒತ್ತಿದರೆ ಪಾಸ್ ಆದ ಪ್ರತಿ ಟೆಸ್ಟಿಗೆ ಒಂದು ಚುಕ್ಕಿ ಬರುತ್ತದೆ, ಅಷ್ಟೇ. ಕೊನೆಯ ಚಿಕ್ಕ ಪಟ್ಟಿಯಲ್ಲಿ ಫೇಲ್ ಮತ್ತು ಎರರ್ ಮಾತ್ರ ಇರುತ್ತವೆ, ಪಾಸ್ ಆದವುಗಳ ಹೆಸರೇ ಇರುವುದಿಲ್ಲ. ಡ್ಯಾಶ್ ವಿ ಹಾಕಿದರೆ ಒಂದೊಂದು ಟೆಸ್ಟಿನ ಹೆಸರೂ ಪಕ್ಕದಲ್ಲಿ ಪಾಸ್ಡ್ ಎಂಬ ಪದವೂ ಬರುತ್ತದೆ. ಕೊನೆಯ ಪಟ್ಟಿಯಲ್ಲೂ ಬೇಕಾದರೆ ಡ್ಯಾಶ್ ಆರ್ ಬರೆದು ದೊಡ್ಡ ಎ ಹಾಕಿ. ದೊಡ್ಡದು, ನೆನಪಿರಲಿ. ಚಿಕ್ಕ ಎ ಹಾಕಿದರೆ ಪಾಸ್ ಆದವನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತದೆ, ಅಂದರೆ ನಿಮಗೆ ಬೇಕಾದದ್ದೇ ಇಲ್ಲ. ಈ ಒಂದು ಅಕ್ಷರಕ್ಕಾಗಿ 'ಇದು ಕೆಲಸ ಮಾಡ್ತಿಲ್ಲ' ಅಂತ ಅರ್ಧ ದಿನ ಕೂತವರನ್ನು ಕಂಡಿದ್ದೇನೆ.

ಹಂತ 3: ಪಾಸ್ ನಿಜವಾದ ಪಾಸ್ ಹೌದಾ ನೋಡಿ.

ಎಲ್ಲರೂ ಹಾರಿಸಿಬಿಡುವ ಹಂತ ಇದು, ಮೇಲೆ ಹೇಳಿದ ಫೋನ್ ಬರುವುದೂ ಇದರಿಂದಲೇ. ಟೆಸ್ಟ್ ಯಾಕೆ ಫೇಲ್ ಆಯಿತು ಅಂತ ಎಲ್ಲರೂ ಕೇಳುತ್ತಾರೆ. ಯಾಕೆ ಪಾಸ್ ಆಯಿತು ಅಂತ ಯಾರೂ ಕೇಳುವುದಿಲ್ಲ.

ಮೊದಲು ಎಣಿಕೆ. ಡ್ಯಾಶ್ ಡ್ಯಾಶ್ ಕಲೆಕ್ಟ್ ಡ್ಯಾಶ್ ಓನ್ಲಿ ಎಂಬ ಆಯ್ಕೆಗೆ ಡ್ಯಾಶ್ ಕ್ಯೂ ಸೇರಿಸಿ ಓಡಿಸಿದರೆ ಟೆಸ್ಟ್ ಓಡುವುದಿಲ್ಲ, ಪೈಟೆಸ್ಟ್‌ಗೆ ಯಾವ ಯಾವ ಟೆಸ್ಟ್ ಸಿಕ್ಕಿವೆ ಎಂಬ ಪಟ್ಟಿ ಮಾತ್ರ ಬರುತ್ತದೆ. ಅದನ್ನು ನಿಮ್ಮ ಟೆಸ್ಟ್ ಕೇಸ್ ಶೀಟಿನ ಪಕ್ಕ ಇಟ್ಟು ತಾಳೆ ನೋಡಿ. ಕಡಿಮೆ ಬಂತಾ? ಹತ್ತರಲ್ಲಿ ಒಂಬತ್ತು ಸಲ ಕಾರಣ ಕಾಪಿ ಪೇಸ್ಟ್. ಸುರತ್ಕಲ್ ದರದ ಟೆಸ್ಟನ್ನು ಕಾಪಿ ಮಾಡುತ್ತಾರೆ, ಒಳಗಿನ ಸ್ಟಾಪನ್ನು ಮೂಲ್ಕಿ ಮಾಡುತ್ತಾರೆ, ದರ ಬದಲಿಸುತ್ತಾರೆ, ಫಂಕ್ಷನ್ ಹೆಸರು ಬದಲಿಸಲು ಮರೆಯುತ್ತಾರೆ. ಒಂದೇ ಫೈಲಿನಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್ ಇದ್ದರೆ ಪೈಥಾನ್ ಎರಡನೆಯದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಎರರ್ ಇಲ್ಲ, ಸದ್ದಿಲ್ಲ. ಸುರತ್ಕಲ್ ಮಾಯ. ಹಸಿರು ಚುಕ್ಕಿ ಒಂದೇ ಬರುತ್ತದೆ, ನಾವು ಎರಡೂ ಪಾಸ್ ಅಂತ ಮೇಲ್ ಕಳಿಸುತ್ತೇವೆ. ಫಂಕ್ಷನ್ ಹೆಸರು 'ಟೆಸ್ಟ್' ಎಂದು ಶುರುವಾಗದಿದ್ದರೂ ಇದೇ ಕಥೆ, ಅದು ಪೈಟೆಸ್ಟ್ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯದು, ಫೇಲ್ ಆಗಲು ಸಾಧ್ಯವೇ ಇಲ್ಲದ ಟೆಸ್ಟ್. ಇದರಲ್ಲಿ ಕೆಲವು ಜಾತಿಗಳಿವೆ. ಅಸರ್ಟ್ ಸಾಲನ್ನು, ಅಂದರೆ ಉತ್ತರ ಸರಿಯೋ ಎಂದು ತಾಳೆ ನೋಡುವ ಸಾಲನ್ನು, ಟ್ರೈ ಒಳಗೆ ಹಾಕಿ ಕೆಳಗೆ 'ಎಕ್ಸೆಪ್ಟ್ ಎಕ್ಸೆಪ್ಶನ್' ಬರೆದು ಬರೀ ಪ್ರಿಂಟ್ ಮಾಡಿ ಬಿಡುವುದು: ಅಸರ್ಟ್ ತಪ್ಪಿದಾಗ ಬರುವುದೂ ಒಂದು ಎಕ್ಸೆಪ್ಶನ್ನೇ, ಅದನ್ನು ನೀವೇ ಹಿಡಿದು ನುಂಗಿದಿರಿ. ಅಸರ್ಟ್ ನಂತರ ಕಂಡೀಷನ್ನನ್ನೂ ಮೆಸೇಜನ್ನೂ ಒಂದೇ ಬ್ರ್ಯಾಕೆಟ್ಟಿನಲ್ಲಿ ಹಾಕುವುದು ಇನ್ನೊಂದು: ದರ 40 ಇರಲಿ, 400 ಇರಲಿ, ಅದು ಯಾವಾಗಲೂ ಪಾಸ್, ಯಾಕೆಂದರೆ ಬ್ರ್ಯಾಕೆಟ್ ಸೇರಿ ಅದೊಂದು ಟ್ಯೂಪಲ್ (ಮೌಲ್ಯಗಳ ಕಟ್ಟು) ಆಯಿತು, ಖಾಲಿ ಇಲ್ಲದ ಟ್ಯೂಪಲ್ ಪೈಥಾನ್ ಲೆಕ್ಕದಲ್ಲಿ ಸತ್ಯ. ಪಾಪ, ಪೈಥಾನ್ ವಾರ್ನಿಂಗ್ ಕೊಡುತ್ತದೆ. ಆದರೆ ವಾರ್ನಿಂಗ್ ಯಾರು ಓದುತ್ತಾರೆ, ಅಲ್ವಾ? ಮತ್ತೆ ಅಸರ್ಟ್ ಬದಲು ರಿಟರ್ನ್ ಬರೆಯುವವರು. ಹಳೆಯ ಪೈಟೆಸ್ಟ್‌ನಲ್ಲಿ ಫಾಲ್ಸ್ ರಿಟರ್ನ್ ಮಾಡಿದ ಟೆಸ್ಟೂ ಪಾಸ್ ಆಗುತ್ತಿತ್ತು. 8.4ನೇ ಆವೃತ್ತಿಯಿಂದ ಅದನ್ನು ಫೇಲ್ ಮಾಡುತ್ತಾರೆ, ಅದಕ್ಕಾದರೂ ಅಪ್‌ಡೇಟ್ ಮಾಡಿಕೊಳ್ಳಿ.

ಇದನ್ನೆಲ್ಲ ಹಿಡಿಯಲು ದೊಡ್ಡ ಟೂಲ್ ಬೇಡ. ಟೆಸ್ಟಿನಲ್ಲಿ ಬರಬೇಕಾದ ದರ 40 ಇದ್ದದ್ದನ್ನು 41 ಮಾಡಿ ಒಮ್ಮೆ ಓಡಿಸಿ. ಕೆಂಪಾಯಿತಾ, ಸರಿ, ವಾಪಸ್ 40 ಮಾಡಿ. ಆಗಲೂ ಹಸಿರೇ ಇದ್ದರೆ ಅದನ್ನು ರಿಪೋರ್ಟಿಗೆ ಹಾಕಬೇಡಿ. ಹೊಸ ಟೆಸ್ಟ್ ಬರೆದವರೆಲ್ಲ ಇದನ್ನು ಮಾಡಲೇಬೇಕು, ಈ ವಿಷಯದಲ್ಲಿ ನಾನು ಯಾರ ಸಬೂಬೂ ಕೇಳುವುದಿಲ್ಲ.

ಮೂರನೆಯದು, ಕೊನೆಯ ಸಾಲನ್ನು ಪೂರ್ತಿ ಓದುವುದು. '7 ಪಾಸ್ಡ್' ತನಕ ಓದಿ ನಿಲ್ಲಿಸಬೇಡಿ, ಆಮೇಲೆ ಕಾಮಾ ಉಂಟು. '2 ಸ್ಕಿಪ್ಡ್' ಅಂದರೆ ಆ ಎರಡು ಓಡಲೇ ಇಲ್ಲ. '1 ಪಾಸ್ಡ್, 1 ಎರರ್' ಅಂತ ಬಂದರೆ ಎರಡು ಟೆಸ್ಟ್ ಅಂತ ಅಂದುಕೊಳ್ಳಬೇಡಿ, ಒಂದೇ ಟೆಸ್ಟ್ ಪಾಸ್ ಆಗಿ ಅದರ ಟಿಯರ್‌ಡೌನ್‌ನಲ್ಲಿ (ಟೆಸ್ಟ್ ಆದ ಮೇಲೆ ಮಾಡುವ ಸ್ವಚ್ಛತೆ) ಎಡವಿದರೂ ಹಾಗೆ ಬರುತ್ತದೆ. 'ಎಕ್ಸ್‌ಪಾಸ್ಡ್' ಅಂದರೆ ಇದು ಫೇಲ್ ಆಗುತ್ತದೆ ಅಂತ ನೀವೇ ಗುರುತು ಹಾಕಿಟ್ಟ ಟೆಸ್ಟ್ ಪಾಸ್ ಆಗಿದೆ. ಬಗ್ ಸರಿಯಾಗಿರಬಹುದು, ಟೆಸ್ಟೇ ಸತ್ತಿರಬಹುದು, ತೆರೆದು ನೋಡದೆ ಹೇಳಲಾಗದು. ಕಾನ್ಫಿಗ್ ಫೈಲಿನಲ್ಲಿ ಎಕ್ಸ್‌ಫೇಲ್ ಸ್ಟ್ರಿಕ್ಟ್ ಅನ್ನು ಟ್ರೂ ಮಾಡಿಡಿ, ಆಗ ಇದು ನೇರ ಫೇಲ್ ಆಗಿ ಎದುರಿಗೆ ಬರುತ್ತದೆ. ಫೇಲ್ ಆದದ್ದನ್ನು ತಾನಾಗಿ ಮತ್ತೆ ಓಡಿಸುವ ರೀರನ್ ಪ್ಲಗಿನ್ ಹಾಕಿಕೊಂಡವರು ರೀರನ್ ಸಂಖ್ಯೆಯನ್ನೂ ಬರೆಯಬೇಕು. ಮೂರನೇ ಸಲಕ್ಕೆ ಪಾಸ್ ಆದದ್ದನ್ನು ಬರೀ ಪಾಸ್ ಎನ್ನುವುದು ನನಗೆ ಸುಳ್ಳಿನ ಹಾಗೇ ಕಾಣುತ್ತದೆ. ನನ್ನ ಕೇಳಿದರೆ ಆ ಪ್ಲಗಿನ್ನೇ ಬೇಡ.

ಹಂತ 4: ಎಕ್ಸ್‌ಎಂಎಲ್ ಫೈಲ್ ತೆಗೆಯಿರಿ.

ಡ್ಯಾಶ್ ಡ್ಯಾಶ್ ಜೆಯೂನಿಟ್ ಎಕ್ಸ್‌ಎಂಎಲ್, ಆಮೇಲೆ ಈಕ್ವಲ್ ಚಿಹ್ನೆ, ಫೈಲ್ ಹೆಸರು. ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್ ಸರ್ವರ್ ಇದನ್ನು ಓದಿಕೊಳ್ಳುತ್ತದೆ. ಹೊಸಬರು ಈ ಫೈಲ್ ತೆರೆದು ಪಾಸ್ ಎಂಬ ಪದ ಹುಡುಕುತ್ತಾರೆ, ಸಿಗುವುದಿಲ್ಲ. ಅದರಲ್ಲಿ ಒಟ್ಟು ಟೆಸ್ಟ್, ಫೇಲ್ಯೂರ್, ಎರರ್, ಸ್ಕಿಪ್ಡ್ ಅಂತ ನಾಲ್ಕು ಲೆಕ್ಕ ಇರುತ್ತದೆ, ಪಾಸ್ ಲೆಕ್ಕ ಇರುವುದಿಲ್ಲ, ಒಟ್ಟಿನಿಂದ ಉಳಿದ ಮೂರನ್ನು ನೀವೇ ಕಳೆಯಬೇಕು. ಟೆಸ್ಟ್ ಕೇಸ್ ಸಾಲಿನ ಒಳಗೆ ಫೇಲ್ಯೂರ್, ಎರರ್, ಸ್ಕಿಪ್ಡ್ ಯಾವುದೂ ಇಲ್ಲದಿದ್ದರೆ ಅದು ಪಾಸ್. ಸ್ಟ್ರಿಕ್ಟ್ ಮಾಡದೆ ಬಿಟ್ಟ ಎಕ್ಸ್‌ಪಾಸ್ ಕೂಡ ಇಲ್ಲಿ ಸಾದಾ ಪಾಸ್ ಆಗಿಯೇ ಕೂರುತ್ತದೆ, ಹಾಗಾಗಿ ಮೇಲೆ ಹೇಳಿದ ಸೆಟ್ಟಿಂಗ್ ಮರೆಯಬೇಡಿ.

ಯಾವ ದರಕ್ಕೆ ಪಾಸ್ ಆಯಿತು ಎಂಬುದೂ ಫೈಲಿನಲ್ಲಿ ಇರಬೇಕಾದರೆ ರೆಕಾರ್ಡ್ ಪ್ರಾಪರ್ಟಿ ಎಂಬ ಫಿಕ್ಸ್‌ಚರ್ (ಟೆಸ್ಟಿಗೆ ಪೈಟೆಸ್ಟ್ ಒದಗಿಸುವ ಸಲಕರಣೆ) ಬಳಸಿ ಬಿಲ್ಡ್ ನಂಬರ್ (ಆ್ಯಪ್‌ನ ಯಾವ ಆವೃತ್ತಿ ಎಂಬುದು), ಸ್ಟಾಪ್, ಸಿಕ್ಕಿದ ದರ ಬರೆಸಿಡಿ. ಪ್ರಿಂಟ್ ಮಾಡಿದ್ದು ತಾನಾಗಿ ಆ ಫೈಲಿಗೆ ಹೋಗುವುದಿಲ್ಲ, ಅದಕ್ಕೆ ಜೆಯೂನಿಟ್ ಲಾಗಿಂಗ್ ಸೆಟ್ಟಿಂಗ್ ಬೇರೆ ಉಂಟು.

ಎಚ್‌ಟಿಎಂಎಲ್ ರಿಪೋರ್ಟ್ ಬೇಕೇ ಬೇಕು ಅಂತ ಮ್ಯಾನೇಜರ್ ಹಟ ಹಿಡಿದರೆ ಪೈಟೆಸ್ಟ್ ಎಚ್‌ಟಿಎಂಎಲ್ ಪ್ಲಗಿನ್ ಹಾಕಿ, ಸೆಲ್ಫ್ ಕಂಟೇನ್ಡ್ ಆಯ್ಕೆ ಕೊಡಿ. ಇಲ್ಲದಿದ್ದರೆ ಅಲಂಕಾರದ ಫೈಲ್ ಬೇರೆ ಫೋಲ್ಡರಿನಲ್ಲಿ ಉಳಿದು, ಮೇಲ್‌ನಲ್ಲಿ ಹೋದದ್ದು ಬೋಳುಬೋಳು ಕಾಣುತ್ತದೆ. ದುಡ್ಡು ಕೊಟ್ಟು ತರುವ ಬಣ್ಣದ ಡ್ಯಾಶ್‌ಬೋರ್ಡುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಸ್ಕಿಪ್ ಆದವನ್ನು ಲೆಕ್ಕದಿಂದಲೇ ತೆಗೆದು 100 ಪರ್ಸೆಂಟ್ ಅಂತ ದುಂಡಗಿನ ಹಸಿರು ಚಕ್ರ ತೋರಿಸಿದರೆ ಯಾರಿಗೆ ಉಪಕಾರ?

ಹಂತ 5: ಯಂತ್ರಕ್ಕೂ ಅದೇ ಉತ್ತರ ಹೋಯಿತಾ ನೋಡಿ.

ಎಲ್ಲಾ ಪಾಸ್ ಆದರೆ ಪೈಟೆಸ್ಟ್ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಯಂತ್ರಕ್ಕೆ ಸಿಗುವ ಸಂಖ್ಯೆ) 0 ಕೊಡುತ್ತದೆ, ಫೇಲ್ ಇದ್ದರೆ 1, ಟೆಸ್ಟೇ ಸಿಗದಿದ್ದರೆ 5. ಜೆಂಕಿನ್ಸ್ ಹಸಿರೋ ಕೆಂಪೋ ಎಂದು ನಿರ್ಧರಿಸುವುದು ಇದನ್ನು ನೋಡಿ. ಔಟ್‌ಪುಟ್ಟನ್ನು ಫೈಲಿಗೂ ಬರೆಯೋಣ ಅಂತ ಪೈಪ್ ಹಾಕಿ ಟೀ ಕಮಾಂಡಿಗೆ ಕಳಿಸಿದಿರೋ, ಕಮಾಂಡ್ ಓಡಿಸುವ ಬ್ಯಾಶ್ ಶೆಲ್ ಕೊಡುವುದು ಟೀ ಕಮಾಂಡಿನ ಕೋಡ್, ಅದು ಸದಾ ಖುಷಿಯಲ್ಲಿ 0. ಸ್ಕ್ರಿಪ್ಟಿನ ಮೇಲುಗಡೆ ಸೆಟ್ ಡ್ಯಾಶ್ ಓ ಪೈಪ್‌ಫೇಲ್ ಬರೆಯಿರಿ, ಆಗ ಪೈಟೆಸ್ಟ್‌ನ ಫೇಲ್ ಕೋಡ್ ಮುಚ್ಚಿಹೋಗುವುದಿಲ್ಲ. ಫೇಲ್ ಆದರೂ 0 ಬರಲಿ ಅಂತ ಕಮಾಂಡಿನ ಕೊನೆಗೆ 'ಆರ್ ಟ್ರೂ' ಅಂಟಿಸುವ ಶಾರ್ಟ್‌ಕಟ್ ಎಲ್ಲಿ ಕಂಡರೂ ಕಿತ್ತು ಹಾಕಿ.

ಇನ್ನೊಂದು, ಮಳೆಗಾಲದಲ್ಲಿ ನಮ್ಮ ಕಡೆ ಬೇಕಾಗಿಯೇ ಬರುವ ಎಚ್ಚರಿಕೆ. ಪೈಟೆಸ್ಟ್ ಎಕ್ಸ್‌ಎಂಎಲ್ ಬರೆಯುವುದು ಓಟ ಪೂರ್ತಿ ಮುಗಿದ ಮೇಲೆ. ಮಧ್ಯದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಹೊಸ ಫೈಲ್ ಇಲ್ಲ, ನಿನ್ನೆಯದು ಅಲ್ಲೇ ಕೂತಿರುತ್ತದೆ, ಅದನ್ನೇ ಇವತ್ತಿನದು ಅಂತ ಕಳಿಸಿಬಿಡುತ್ತೇವೆ. ಓಡಿಸುವ ಮೊದಲು ಹಳೆಯದನ್ನು ಅಳಿಸುವ ಒಂದು ಸಾಲು ಸ್ಕ್ರಿಪ್ಟಿನಲ್ಲೇ ಇರಲಿ.

ಹಂತ 6: ಮೇಲ್.

ವಾಟ್ಸ್‌ಆ್ಯಪ್‌ನಲ್ಲಿ ಟರ್ಮಿನಲ್ ಫೋಟೊ ಬೇಡ, ದಯವಿಟ್ಟು. ಹೀಗೆ ಬರೆಯಿರಿ (ಸ್ಟೇಜಿಂಗ್ ಅಂದರೆ ಬಿಡುಗಡೆಗೆ ಮೊದಲಿನ ಪ್ರಯೋಗದ ಸರ್ವರ್, ಸ್ಯಾಂಡ್‌ಬಾಕ್ಸ್ ಅಂದರೆ ನಿಜವಾದ ದುಡ್ಡಿಲ್ಲದೆ ಪೇಮೆಂಟ್ ಪರೀಕ್ಷಿಸುವ ವ್ಯವಸ್ಥೆ): 'ಬಿಲ್ಡ್ 214, ಸ್ಟೇಜಿಂಗ್ ಸರ್ವರ್. ಒಟ್ಟು 48 ಟೆಸ್ಟ್, 45 ಪಾಸ್, 3 ಸ್ಕಿಪ್, ಫೇಲ್ ಇಲ್ಲ, ರೀರನ್ ಇಲ್ಲ. ಸ್ಕಿಪ್ ಆದದ್ದು ಆನ್‌ಲೈನ್ ಪೇಮೆಂಟ್‌ನವು, ಪೇಮೆಂಟ್ ಸ್ಯಾಂಡ್‌ಬಾಕ್ಸ್ ಬಂದ್ ಇತ್ತು. ಈ ಬಿಲ್ಡಿನಲ್ಲಿ ಪೇಮೆಂಟ್ ಪರೀಕ್ಷೆ ಆಗಿಲ್ಲ.' ಆ ಕೊನೆಯ ವಾಕ್ಯ ಬರೆಯಲು ಎಲ್ಲರಿಗೂ ಮುಜುಗರ, ಆದರೆ ಕ್ಲೈಂಟ್ ಮೊದಲು ಹುಡುಕುವುದು ಅದನ್ನೇ. ಸಬ್ಜೆಕ್ಟಿನಲ್ಲಿ ಬಿಲ್ಡ್ ನಂಬರ್ ಹಾಕಿ, ಎಕ್ಸ್‌ಎಂಎಲ್ ಅಟ್ಯಾಚ್ ಮಾಡಿ, ಫೈಲ್ ಹೆಸರಿನಲ್ಲೂ ಅದೇ ನಂಬರ್ ಇರಲಿ. ಸ್ಯಾಂಡ್‌ಬಾಕ್ಸ್ ಸರಿಯಾದ ಮೇಲೆ ಆ ಮೂರನ್ನು ಓಡಿಸಿ, ಹೊಸ ಮೇಲ್ ಶುರು ಮಾಡದೆ ಅದೇ ಮೇಲ್‌ಗೆ ರಿಪ್ಲೈ ಮಾಡಿ.