ಕುಡಿದು ಮತ್ತೆ ಸ್ಟೀರಿಂಗ್ ಹಿಡಿಯದಿರಲು ನಿದ್ದೆಯನ್ನು ಸರಿಪಡಿಸಿಕೊಳ್ಳುವುದು ಹೇಗೆ?

ಕುಡಿದು ವಾಹನ ಓಡಿಸಿ ಒಮ್ಮೆ ಸಿಕ್ಕಿಬಿದ್ದವರ ಬಾಯಲ್ಲಿ ಮೊದಲು ಬರುವ ಮಾತು ‘ಇನ್ನು ಜನ್ಮದಲ್ಲಿ ಇಲ್ಲ’ ಎಂಬುದು. ಆ ಮಾತು ಸುಳ್ಳೇನಲ್ಲ. ಆದರೆ ಅದನ್ನು ಆಡುವುದು ಹಗಲಿನಲ್ಲಿ, ತಲೆ ತಿಳಿಯಾಗಿದ್ದಾಗ. ಪಾಲಿಸಬೇಕಾಗಿ ಬರುವುದು ರಾತ್ರಿ ಹನ್ನೊಂದೂವರೆಗೆ, ದಣಿದ ಕಣ್ಣು ಎಳೆಯುತ್ತಿರುವಾಗ, ಎರಡು ಗ್ಲಾಸ್ ಒಳಗೆ ಇಳಿದ ಮೇಲೆ, ಕೀಲಿ ಇನ್ನೂ ಜೇಬಿನಲ್ಲೇ ಇರುವಾಗ. ದಂಡ ಹಾಕುವವರು, ಪರವಾನಗಿ ಅಮಾನತು ಮಾಡುವವರು ಎಷ್ಟು ಕುಡಿದಿರಿ ಎಂದು ಕೇಳುತ್ತಾರೆ. ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದಿರಿ ಎಂದು ಕೇಳುವವರು ಅಪರೂಪ. ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು.

‘ಬೇಡ’ ಎಂದು ತಡೆಯುವ, ಮುಂದಿನ ಪರಿಣಾಮವನ್ನು ಲೆಕ್ಕ ಹಾಕುವ ಕೆಲಸ ಮಿದುಳಿನ ಮುಂಭಾಗದ್ದು. ನಿದ್ದೆಗೆಟ್ಟರೂ ಮದ್ಯ ಏರಿದರೂ ಸಡಿಲವಾಗುವುದು ಇದೇ ಭಾಗ. ಎಚ್ಚರವಿದ್ದಷ್ಟೂ ಕೈ–ಕಣ್ಣಿನ ಚುರುಕು ಎಷ್ಟು ಕುಸಿಯುತ್ತದೆ ಎಂಬುದನ್ನು ಮದ್ಯದ ಪರಿಣಾಮದ ಜೊತೆ ಹೋಲಿಸಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 17 ಗಂಟೆ ಎಚ್ಚರವಿದ್ದವರ ಸ್ಥಿತಿ ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರ ಇದ್ದವರಂತೆ ಇತ್ತು. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ, ಒಂದು ಹನಿಯನ್ನೂ ಮುಟ್ಟದೆ, ಅನೇಕ ದೇಶಗಳು ಕಾನೂನಿನ ಮಿತಿ ಎಂದು ಗುರುತಿಸಿರುವ ಮಟ್ಟಕ್ಕೆ ಬಂದಿರುತ್ತಾರೆ ಎಂದಾಯಿತು. ಅದರ ಮೇಲೆ ಕುಡಿದರೆ ಸ್ವಲ್ಪವೂ ಜಾಸ್ತಿಯೇ.

ಒಂದು ಎಚ್ಚರಿಕೆಯನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ನಿದ್ದೆ ಕುಡಿತದ ಚಟಕ್ಕೆ ಮದ್ದಲ್ಲ. ಪ್ರತಿದಿನ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೈ ನಡುಕದಿಂದ ಹಿಡಿದು ಫಿಟ್ಸ್‌ವರೆಗೂ ಅಪಾಯವಿದೆ. ಅಂಥವರು ಮೊದಲು ವೈದ್ಯರ ಬಳಿ ಹೋಗಬೇಕು. ಕೆಳಗಿನ ಕ್ರಮ ಚಿಕಿತ್ಸೆಯ ಜೊತೆಗೆ ನಡೆಯಬೇಕಾದದ್ದು, ಅದರ ಬದಲಿಗೆ ಅಲ್ಲ.

ಮೊದಲು ಎರಡು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಸಾಕು, ಆ್ಯಪ್ ಬೇಕಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಾಲು: ‘12.40ಕ್ಕೆ ಮಲಗಿದೆ. 4ಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಕೊನೆಯ ಪೆಗ್ 11.30. ಕಾರು ತೆಗೆದದ್ದು 7.30ಕ್ಕೆ.’ ಇಷ್ಟೇ. ಗಡಿಯಾರ ನೋಡಿ ನಿಮಿಷ ಲೆಕ್ಕ ಹಾಕಲು ಹೋಗಬೇಡಿ, ಅಂದಾಜು ಸಾಕು. ಎರಡು ವಾರ ಕಳೆದ ಮೇಲೆ ಓದಿದರೆ ಯಾವ ರಾತ್ರಿ ನಿದ್ದೆ ಕೆಟ್ಟಿತ್ತು, ಮರುದಿನ ಕುಡಿಯುವ ಮನಸ್ಸು ಎಷ್ಟು ಬೇಗ ಬಂತು ಎಂಬ ನಂಟು ಕಣ್ಣಿಗೆ ಬೀಳಬಹುದು.

ಹಗಲಿನ ತೂಕಡಿಕೆಯನ್ನು ಅಳೆಯಲು ಮುರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಪ್ರಶ್ನಾವಳಿ ಇದೆ. ಎಂಟೇ ಪ್ರಶ್ನೆ, ಒಟ್ಟು 24 ಅಂಕ. ಹತ್ತಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ.

ಏಳುವ ಹೊತ್ತನ್ನು ಕಟ್ಟಿಹಾಕಿ

ಬೇಗ ಮಲಗುತ್ತೇನೆ ಎಂಬ ಶಪಥ ಬೇಡ. ಮಲಗುವುದು ನಮ್ಮ ಕೈಯಲ್ಲಿದೆ, ನಿದ್ದೆ ಹತ್ತುವುದು ಇಲ್ಲ. ಏಳುವ ಸಮಯ ಮಾತ್ರ ನಮ್ಮ ಹಿಡಿತದಲ್ಲಿರುವಂಥದ್ದು. ಅದನ್ನು ವಾರದ ಏಳೂ ದಿನ ಒಂದೇ ಆಗಿಡಿ, ರಜೆಯ ದಿನವೂ. ಎದ್ದ ಮೇಲೆ ಸ್ವಲ್ಪ ಹೊತ್ತು ಹೊರಗಿನ ಬೆಳಕಿಗೆ ಬನ್ನಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಏಳುವ ಸಮಯದಿಂದ ಹಿಂದಕ್ಕೆ ಎಣಿಸಿದರೆ ಮಲಗುವ ಹೊತ್ತು ತಾನೇ ಸಿಗುತ್ತದೆ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನದ ನಂತರ ಕಾಫಿ ಬೇಡ.

ನಿದ್ದೆಗಾಗಿ ಕುಡಿಯುವುದನ್ನು ನಿಲ್ಲಿಸಿ

ಇಡೀ ಲೇಖನದಲ್ಲಿ ಒಂದೇ ಸಲಹೆಗೆ ಜಾಗವಿದ್ದರೆ ನಾನು ಇದನ್ನೇ ಇಡುತ್ತಿದ್ದೆ. ‘ಒಂದು ಪೆಗ್ ಹಾಕಿದರೆ ಒಳ್ಳೆಯ ನಿದ್ದೆ’ ಎಂಬುದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಜನ ನಂಬುತ್ತಾರೆ. ಮದ್ಯ ಕಣ್ಣನ್ನು ಬೇಗ ಮುಚ್ಚಿಸುತ್ತದೆ. ಆದರೆ ಕನಸು ಬೀಳುವ ಹಂತದ ನಿದ್ದೆಯನ್ನು ರಾತ್ರಿಯ ಮೊದಲ ಭಾಗದಲ್ಲಿ ಅದುಮಿಡುತ್ತದೆ. ಅಮಲು ಇಳಿಯುತ್ತಿದ್ದಂತೆ ಎರಡನೆಯ ಭಾಗವನ್ನು ಚೂರುಚೂರು ಮಾಡುತ್ತದೆ. ನೋಟ್‌ಬುಕ್‌ನ ಸಾಲಿನಲ್ಲಿ ಕಂಡ, ಬೆಳಗಿನ ನಾಲ್ಕಕ್ಕೇ ಆದ ಎಚ್ಚರ ಬಹುಮಟ್ಟಿಗೆ ಅದರದೇ ಕೆಲಸ. ಮರುದಿನವಿಡೀ ಜೋಂಪು, ಸಿಡುಕು. ಸಂಜೆಗೆ ‘ಇವತ್ತಾದರೂ ನಿದ್ದೆ ಬರಲಿ’ ಎಂದು ಮತ್ತೆ ಬಾಟಲಿ. ಸಾಲಗಾರ ಬಡ್ಡಿ ಕಟ್ಟಲು ಹೊಸ ಸಾಲ ಮಾಡುವ ಬಗೆ ಇದು.

ಕುಡಿತ ಬಿಟ್ಟ ಮೊದಲ ಕೆಲವು ವಾರ ನಿದ್ದೆ ಇನ್ನೂ ಕೆಡಬಹುದು, ಕೆಲವರಿಗೆ ತಿಂಗಳುಗಟ್ಟಲೆ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ‘ಬಿಟ್ಟ ಮೇಲೆಯೇ ಹೆಚ್ಚಾಯಿತಲ್ಲ’ ಎಂದು ಬೇಸತ್ತು ಮರಳಿ ಗ್ಲಾಸ್ ಹಿಡಿಯುವವರು ಇಲ್ಲೇ ಜಾರುವುದು. ಬರಲಿರುವುದು ಗೊತ್ತಿದ್ದರೆ ತಡೆದುಕೊಳ್ಳಲು ಸುಲಭ.

ಆ ದಿನಗಳಲ್ಲಿ ಹೊರಳಾಡುತ್ತಾ ಬಿದ್ದಿರಬೇಡಿ. ಇಪ್ಪತ್ತು ನಿಮಿಷದಷ್ಟು ಹೊತ್ತು ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಏನಾದರೂ ನೀರಸವಾದದ್ದನ್ನು ಓದಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಬನ್ನಿ. ಮನೋವಿಜ್ಞಾನಿ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಮುಂದಿಟ್ಟ ಕ್ರಮವಿದು. ಈಗ ನಿದ್ರಾಹೀನತೆಗಾಗಿಯೇ ರೂಪಿಸಿದ ವರ್ತನಾ ಚಿಕಿತ್ಸೆಯ ಭಾಗವಾಗಿದೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಚಿಕಿತ್ಸೆಯನ್ನೇ ಕೊಡಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು.

ಗೊರಕೆ ಮತ್ತು ಮಾತ್ರೆ

ಜೋರು ಗೊರಕೆ, ನಡುವೆ ಉಸಿರು ಕಟ್ಟಿ ತಟ್ಟನೆ ಎಳೆದುಕೊಳ್ಳುವುದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ – ಇವಿದ್ದರೆ ನಿದ್ದೆಯಲ್ಲಿ ಉಸಿರಾಟ ತಡೆಯುವ ಅಪ್ನಿಯಾ ಇರಬಹುದು. ಮದ್ಯ ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸುವುದಿಲ್ಲ.

ನಿದ್ದೆ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ, ಮದ್ಯದ ಜೊತೆಗಂತೂ ಬೇಡವೇ ಬೇಡ. ಜೊಲ್ಪಿಡೆಮ್ ಎಂಬ ಮಾತ್ರೆಯ ಅಂಶ ಮರುದಿನ ಬೆಳಿಗ್ಗೆಯೂ ಉಳಿದು ವಾಹನ ಚಾಲನೆಗೆ ತೊಡಕಾಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಮಹಿಳೆಯರಿಗೆ ಅದರ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಲು ಸೂಚಿಸಿತ್ತು.

ಕೀಲಿಯ ತೀರ್ಮಾನ ಬೆಳಿಗ್ಗೆಯೇ

ರಾತ್ರಿಯ ಮಿದುಳನ್ನು ನಂಬಿ ಕೂರಬೇಡಿ. ಹೊರಗೆ ಹೋಗುವ ದಿನ ಬೆಳಿಗ್ಗೆಯೇ ನೋಟ್‌ಬುಕ್ ತೆರೆದು ನೋಡಿ. ಹಿಂದಿನ ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗಿದ್ದರೆ ಅಂದು ಸಂಜೆ ಕುಡಿತವೂ ಇಲ್ಲ, ರಾತ್ರಿ ಚಾಲನೆಯೂ ಇಲ್ಲ. ಇದು ನನ್ನ ಅಂದಾಜಿನ ಗೆರೆ. ನಿಮ್ಮ ನೋಟ್‌ಬುಕ್ ಇನ್ನೂ ಬಿಗಿಯಾದ ಗೆರೆಯನ್ನು ತೋರಿಸಿದರೆ ಅದನ್ನೇ ಹಿಡಿಯಿರಿ. ಕುಡಿಯುವುದು ನಿಶ್ಚಯವಾಗಿದ್ದರೆ ವಾಹನವನ್ನು ಮನೆಯಲ್ಲೇ ಬಿಟ್ಟು ಹೊರಡಿ.

‘ಕಾರಿನಲ್ಲೇ ಒಂದು ಗಂಟೆ ಮಲಗಿ ಆಮೇಲೆ ಹೊರಡುತ್ತೇನೆ’ ಎನ್ನುವವರಿದ್ದಾರೆ. ಇದು ನೇರವಾಗಿ ಕುಡಿದು ಓಡಿಸುವುದಕ್ಕಿಂತ ಮೋಸದ್ದು. ನಿದ್ದೆ ಮಂಪರನ್ನು ಕಳೆಯುತ್ತದೆ, ಮದ್ಯವನ್ನಲ್ಲ. ಚೇತರಿಸಿಕೊಂಡೆ ಎಂಬ ಧೈರ್ಯ ಮಾತ್ರ ಬರುತ್ತದೆ. ರಕ್ತದಲ್ಲಿನ ಮದ್ಯಸಾರ ಗಂಟೆಗೆ ಸರಿಸುಮಾರು ಶೇ 0.015ರಂತೆ ಇಳಿಯುತ್ತದೆ, ಕಾಫಿ, ತಣ್ಣೀರು, ನಡಿಗೆ ಯಾವುದೂ ಅದನ್ನು ಅವಸರಪಡಿಸುವುದಿಲ್ಲ. ಮಧ್ಯರಾತ್ರಿ ಶೇ 0.12 ಇದ್ದವರು ಸೊನ್ನೆಗೆ ಬರುವುದು ಬೆಳಿಗ್ಗೆ ಎಂಟಕ್ಕೆ. ಆರಕ್ಕೆ ಹೊರಟರೆ ಶೇ 0.03 ಇನ್ನೂ ಉಳಿದಿರುತ್ತದೆ, ಜೊತೆಗೆ ನಿದ್ದೆಗೇಡು.

ಕುಡಿಯದೆಯೂ ದಾರಿಯಲ್ಲಿ ಕಣ್ಣು ಎಳೆದರೆ ಮಾತೇ ಬೇರೆ. ಕಿಟಕಿ ತೆರೆಯುವುದು, ರೇಡಿಯೊ ಜೋರು ಮಾಡುವುದು ನೆಚ್ಚುವಂಥ ಉಪಾಯಗಳಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡ್ ಜೋಂಪು ಹತ್ತಿದರೆ ವಾಹನ ಸುಮಾರು 90 ಮೀಟರ್ ಹೋಗಿರುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಂದು ಕಪ್ ಕಾಫಿ ಕುಡಿದು ಹದಿನೈದು ನಿಮಿಷ ಮಲಗಿ. ಕೆಫೀನ್ ಹತ್ತುವ ಹೊತ್ತಿಗೆ ಎಚ್ಚರವಾಗುತ್ತದೆ. ಬೆಳಗಿನ ಜಾವ ಎರಡರಿಂದ ಐದರ ನಡುವೆ ಮಾತ್ರ ಈ ಉಪಾಯವನ್ನೂ ನೆಚ್ಚಿಕೊಳ್ಳದೆ ಪ್ರಯಾಣವನ್ನೇ ಮುಂದಕ್ಕೆ ಹಾಕುವುದು ಒಳ್ಳೆಯದು.

ಉಸಿರು ಪರೀಕ್ಷಿಸಿ ಎಂಜಿನ್ ಚಾಲೂ ಮಾಡುವ ಇಂಟರ್‌ಲಾಕ್ ಸಾಧನವನ್ನು ನ್ಯಾಯಾಲಯದ ಆದೇಶದಂತೆ ಅಳವಡಿಸಿಕೊಂಡವರಿಗೆ ಇನ್ನೊಂದು ಅನುಕೂಲವಿದೆ. ಅದು ಪ್ರತಿ ಪರೀಕ್ಷೆಯ ಸಮಯವನ್ನು ದಾಖಲಿಸುತ್ತದೆ. ಬೆಳಗಿನ ಹೊತ್ತು ಎಂಜಿನ್ ನಿರಾಕರಿಸಿದ ದಿನಗಳನ್ನು ನಿದ್ದೆಯ ಪುಸ್ತಕದ ಪಕ್ಕದಲ್ಲಿಟ್ಟು, ಎರಡನ್ನೂ ಆಪ್ತಸಮಾಲೋಚಕರ ಮುಂದೆ ತೆರೆಯಿರಿ. ಎಷ್ಟು ಕುಡಿದಿರಿ ಎಂಬಲ್ಲಿಗೇ ನಿಲ್ಲುತ್ತಿದ್ದ ಮಾತು ಎಷ್ಟು ಹೊತ್ತಿಗೆ, ಯಾಕೆ ಕುಡಿದಿರಿ ಎಂಬಲ್ಲಿಗೂ ಹೋಗುತ್ತದೆ.